ಅಪ್ಪ ಅಮ್ಮ, ಮಕ್ಕಳನ್ನು ಕಟ್ಟಿಕೊಂಡು ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪವನ್ನು 8 ದಿನದಲ್ಲಿ ಮೋಟರ್‌ಹೋಮ್‌ನಲ್ಲಿ ಸುತ್ತಬಹುದೇ? ಹೋಟೆಲ್‌ಗಿಂತ ಅಗ್ಗವಾಗುತ್ತದೆಯೇ?

ನಿಮ್ಮ ಯೋಜನೆ ಓದಿದೆ: ಏಪ್ರಿಲ್ ರಜೆ, ಆರು ಜನ, ಆರು ಬರ್ತ್‌ನ ಗಾಡಿ, ಅಂದರೆ ಆರು ಜನ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಓಡಾಡುವ ಮನೆ. ಕ್ರೈಸ್ಟ್‌ಚರ್ಚ್‌ನಿಂದ ಹೊರಟು ಟೆಕಾಪೊ, ಕ್ವೀನ್ಸ್‌ಟೌನ್, ಮಿಲ್ಫರ್ಡ್ ಸೌಂಡ್, ವಾನಾಕಾ, ಪಶ್ಚಿಮ ಕರಾವಳಿಯ ಹಿಮನದಿಗಳು, ಆರ್ಥರ್ಸ್ ಪಾಸ್ ದಾಟಿ ಮತ್ತೆ ಕ್ರೈಸ್ಟ್‌ಚರ್ಚ್. ನಮ್ಮ ಪ್ರವಾಸದ ನನ್ನ ಹಳೇ ಎಕ್ಸೆಲ್ ಶೀಟನ್ನು ಯಾರೋ ನಿಮಗೆ ಕಳಿಸಿದ್ದಾರಾ ಅಂತ ಅನುಮಾನ ಬಂತು. ನಮ್ಮ ಗಾಡಿಯಲ್ಲಿ ಅಪ್ಪ ಅಮ್ಮನ ಬದಲು ಅತ್ತೆ ಮಾವ ಇದ್ದರು, ಅಷ್ಟೇ ವ್ಯತ್ಯಾಸ.

ವಾನಾಕಾದಿಂದ ಪಶ್ಚಿಮ ಕರಾವಳಿಯ ಹಿಮನದಿಯ ಊರು ಫ್ರಾನ್ಸ್ ಜೋಸೆಫ್‌ಗೆ ಹೋದ ದಿನದ ಕತೆ ಮೊದಲು ಹೇಳಿಬಿಡುತ್ತೇನೆ. ನಮಗೆ ದುಡ್ಡು ಹೋದದ್ದು ಆವತ್ತೇ.

ದೂರ ಸುಮಾರು 285 ಕಿ.ಮೀ. ನಾಲ್ಕು ಗಂಟೆಯೂ ಬೇಡ ಅಂತ ಮೊಬೈಲ್ ಮ್ಯಾಪ್ ಹೇಳಿತು. ಬೆಂಗಳೂರಿಂದ ದಾವಣಗೆರೆಗೆ ಹೋದಷ್ಟು ಅಂದುಕೊಂಡು ನಿಧಾನಕ್ಕೆ ಎದ್ದೆವು. ಆದರೆ ಮೋಟರ್‌ಹೋಮ್‌ನ ಬೆಳಗ್ಗೆಯೇ ಬೇರೆ. ಊಟದ ಮೇಜನ್ನು ಇಳಿಸಿ, ಮೇಲೆ ಕುಶನ್ ಜೋಡಿಸಿದರೆ ಅದೇ ಮಾವನವರ ಮಂಚ. ಅವರು ಎದ್ದು, ಹಾಸಿಗೆ ಮಡಚಿ, ಮೇಜು ಮತ್ತೆ ಮೇಲೆ ಬರುವವರೆಗೆ ಮನೆಯಲ್ಲಿ ಯಾರಿಗೂ ಕೂತು ಕಾಫಿ ಕುಡಿಯುವ ಯೋಗವಿಲ್ಲ. ಆಮೇಲೆ ಕರೆಂಟಿನ ಕೇಬಲ್ ಬಿಚ್ಚಬೇಕು, ಗ್ಯಾಸ್ ಬಂದ್ ಮಾಡಬೇಕು, ಕೊಳೆ ನೀರು ಬಿಡಬೇಕು, ಒಳ್ಳೆ ನೀರು ತುಂಬಬೇಕು. ಟಾಯ್ಲೆಟ್ಟಿನ ಕ್ಯಾಸೆಟ್, ಅಂದರೆ ಹೊಲಸು ತುಂಬಿಕೊಳ್ಳುವ ಡಬ್ಬಿ, ಎಳೆದುಕೊಂಡು ಹೋಗಿ ಡಂಪ್ ಸ್ಟೇಷನ್‌ನಲ್ಲಿ ಸುರಿದು ಬರಬೇಕು. ಅದು ಯಾರ ಕೆಲಸ ಅಂತ ನಮ್ಮ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ, ಅಳಿಯನ ಕೆಲಸ! ಕೊನೆಗೆ ಪ್ರತಿ ಡ್ರಾಯರ್‌ಗೂ ಚಿಲಕ. ಒಂದು ಮರೆತರೂ ಮೊದಲ ತಿರುವಿನಲ್ಲೇ ಸ್ಟೀಲ್ ಲೋಟಗಳೆಲ್ಲ ನೆಲದ ಮೇಲೆ.

ಹನ್ನೊಂದು ಗಂಟೆ ದಾಟಿ ಹೊರಟೆವು. ಹಾವಿಯಾ ಸರೋವರದ ಪಕ್ಕದ ದಾರಿಯಲ್ಲಿ ನಿಲ್ಲಿಸದೆ ಹೋಗುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ನಮಗೂ ಬರಲಿಲ್ಲ. ಹಾಸ್ಟ್ ಪಾಸ್ ಬರೀ 562 ಮೀಟರ್ ಎತ್ತರ. ಘಾಟಿ ಹತ್ತುವುದು ಕಷ್ಟವಲ್ಲ, ಇಳಿಯುವಾಗ ನದಿ ಪಕ್ಕದಲ್ಲೇ ಸುತ್ತಿ ಸುತ್ತಿ ಹೋಗುತ್ತದೆ ದಾರಿ. ಆಮೇಲೆ ಒಂದೇ ಲೇನಿನ ಸೇತುವೆಗಳು. ಹಾಸ್ಟ್ ನದಿಯ ಮೇಲಿನದು 700 ಮೀಟರಿಗೂ ಉದ್ದ, ಅಷ್ಟುದ್ದಕ್ಕೂ ಒಂದೇ ಲೇನ್. ಎದುರಿನವರು ಮೊದಲೋ ನಾವು ಮೊದಲೋ ಅನ್ನುವುದನ್ನು ಬೋರ್ಡಿನ ಬಾಣ ನೋಡಿ ತಿಳಿಯಬೇಕು. ಇನ್ನು ವೇಗ. ಅಲ್ಲಿ ಕಾರಿಗೆ ಹೆದ್ದಾರಿಯಲ್ಲಿ 100, ಆದರೆ 3,500 ಕೆಜಿ ಮೀರಿದ ಗಾಡಿಗೆ 90. ದೊಡ್ಡ ಮೋಟರ್‌ಹೋಮ್‌ಗಳು ಸಾಮಾನ್ಯವಾಗಿ ಈ ತೂಕ ಮೀರುತ್ತವೆ. ತಿರುವುಗಳಲ್ಲಿ 60 ದಾಟಿದರೆ ಹಿಂದಿನಿಂದ ಅತ್ತೆಯವರ ‘ರಾಮಾ’ ಕೇಳಿಸುತ್ತದೆ. ಮ್ಯಾಪ್ ಹೇಳಿದ್ದು ಕಾರಿನ ಲೆಕ್ಕ.

ಹೊತ್ತಿನ ವಿಷಯದಲ್ಲಿ ಇನ್ನೊಂದು ಪೆಟ್ಟು. ಏಪ್ರಿಲ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಮಾರ್ಚ್‌ನಲ್ಲಿ ಹೋದವರ ಬ್ಲಾಗ್ ಓದಿಕೊಂಡು ‘ಎಂಟರವರೆಗೂ ಬೆಳಕು’ ಅಂತ ನಂಬಿದ್ದೆ. ಆರೂಕಾಲಕ್ಕೆಲ್ಲ ಸೂರ್ಯ ಮುಳುಗಿದ. ನಾವು ಇನ್ನೂ ಕಾಡಿನೊಳಗೆ. ಹಿಂದೆ ಕಾರುಗಳ ಸಾಲು. ನಿಧಾನಕ್ಕೆ ಹೋಗುವವರು ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡಬೇಕು ಅಂತ ಅಲ್ಲಿ ಎಲ್ಲರೂ ನಿರೀಕ್ಷಿಸುತ್ತಾರೆ, ಅದು ನ್ಯಾಯವೇ. ನಾನೂ ಸಭ್ಯನಾಗಿ ಇಂಡಿಕೇಟರ್ ಹಾಕಿ, ಎಡಗಡೆಯ ಹುಲ್ಲಿನ ಮೇಲೆ ಚಕ್ರ ಇಳಿಸಿದೆ. ಮೇಲಿಂದ ಚರ್‍ರ್ ಅಂತ ಸದ್ದು.

ಚಾವಣಿಯ ಎಡ ಮೂಲೆ ಮರದ ಕೊಂಬೆಗೆ ತಗುಲಿತ್ತು.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದರೆ ಗಾಡಿ ಕೊಡುವಾಗ ಯಾರೂ ಹೇಳುವುದಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಎತ್ತರದ ಸ್ಟಿಕರ್ ಇತ್ತು, 3.3 ಮೀಟರ್. ಪೆಟ್ರೋಲ್ ಬಂಕಿನ ಸೂರು, ಪಾರ್ಕಿಂಗ್‌ನ ಅಡ್ಡಪಟ್ಟಿ, ಎಲ್ಲದಕ್ಕೂ ಹುಷಾರಾಗಿದ್ದೆ. ಆದರೆ ಆ ಕೊಂಬೆ ದಾರಿಗೆ ಚಾಚಿಕೊಂಡಿರಲಿಲ್ಲ, ದಾರಿಯಾಚೆಗೇ ಇತ್ತು. ಕನ್ನಡಿಯಲ್ಲಿ ನೋಡಿದರೆ ಗಾಡಿಯ ಪಕ್ಕಕ್ಕೂ ಮರಕ್ಕೂ ನಡುವೆ ಬೇಕಾದಷ್ಟು ಜಾಗ. ಮಾವ ಪಿಡಬ್ಲ್ಯೂಡಿಯಲ್ಲಿದ್ದು ನಿವೃತ್ತರಾದವರು. ಆ ರಾತ್ರಿ ಟಿಶ್ಯೂ ಪೇಪರಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರು. ಮಳೆ ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನೂರಕ್ಕೆ ನಾಲ್ಕು ಇಳಿಜಾರು ಅಂತ ಹಿಡಿದರೆ, 3.3 ಮೀಟರ್ ಎತ್ತರದ ತಲೆ ಆಗಲೇ 13 ಸೆಂ.ಮೀ. ಎಡಕ್ಕೆ ವಾಲಿರುತ್ತದೆ. ಅದರ ಮೇಲೆ ಎಡ ಚಕ್ರ ಮೆತ್ತನೆ ಹುಲ್ಲಿನಲ್ಲಿ ನಾಲ್ಕು ಬೆರಳು ಹೂತರೆ ಇನ್ನೂ ಅಷ್ಟೇ. ಕೆಳಗೆ ನಾಲ್ಕು ಬೆರಳು, ಮೇಲೆ ಹತ್ತಿರ ಹತ್ತಿರ ಒಂದಡಿ! ಕನ್ನಡಿ ತೋರಿಸುವುದು ಗಾಡಿಯ ಹೊಟ್ಟೆಯನ್ನು, ತಲೆಯನ್ನಲ್ಲ. ಕಾರು ಓಡಿಸಿದವನಿಗೆ ಇದು ಹೊಳೆಯುವುದೇ ಇಲ್ಲ, ಕಾರಿಗೆ ತಲೆಯೇ ಇಲ್ಲವಲ್ಲ. ಆದ್ದರಿಂದ ಹುಲ್ಲಿನ ಅಂಚಿಗೆ ಇಳಿಯಲೇಬೇಡಿ. ಹಿಂದಿನವರು ಎರಡು ನಿಮಿಷ ಕಾಯಲಿ. ಟಾರು ಹಾಕಿದ ಅಗಲ ಜಾಗ ಬಂದಾಗ ಮಾತ್ರ ಸರಿಯಿರಿ, ಅಂಥ ಜಾಗಗಳಿಗೆ ಬೋರ್ಡ್ ಇರುತ್ತದೆ.

ಮಾವ ಗೆರೆ ಎಳೆಯುತ್ತಿದ್ದಾಗಲೇ ಮಳೆ ಶುರುವಾಗಿತ್ತು. ಪಶ್ಚಿಮ ಕರಾವಳಿಯ ಮಳೆ ಅಂದರೆ ಆಗುಂಬೆಯವರೂ ಸೈ ಅನ್ನಬೇಕು. ಡ್ರೈವರ್ ಸೀಟಿನ ಮೇಲ್ಗಡೆ ಇರುವ ಅಟ್ಟದಂಥ ಮಂಚ ಮಕ್ಕಳದು. ಬಿರುಕು ಬಿಟ್ಟ ಮೂಲೆ ಸರಿಯಾಗಿ ಮಗಳ ದಿಂಬಿನ ಮೇಲೆ. ಇಡೀ ರಾತ್ರಿ ಅಲ್ಲಿ ಪಾತ್ರೆ ಇಟ್ಟು, ಮಕ್ಕಳನ್ನು ನಮ್ಮ ಜೊತೆ ಅಡ್ಡಡ್ಡ ಮಲಗಿಸಿಕೊಂಡೆವು. ಬೆಳಗ್ಗೆ ಹಾರ್ಡ್‌ವೇರ್ ಅಂಗಡಿಯಿಂದ ಅಗಲದ ಟೇಪ್ ತಂದು ಸುತ್ತಿದೆ.

ಗಾಡಿ ವಾಪಸ್ ಕೊಟ್ಟಾಗ ಬಾಡಿಗೆಯವರು ಕರಾರಿನ ಒಂದು ಸಾಲು ತೋರಿಸಿದರು. ನಾವು ದಿನಕ್ಕಿಷ್ಟು ಅಂತ ಜಾಸ್ತಿ ಕಟ್ಟಿ ಎಲ್ಲದಕ್ಕಿಂತ ದುಬಾರಿ ಇನ್ಶೂರೆನ್ಸ್ ತಗೊಂಡಿದ್ದೆವು. ಏನಾದರೂ ನಮ್ಮ ತಲೆಗೆ ಬರುವುದಿಲ್ಲ ಅಂತ ಧೈರ್ಯ. ಆದರೆ ಚಾವಣಿಯ ಹಾನಿ, ಗಾಡಿಯ ಅಡಿಭಾಗದ ಹಾನಿ ಅದರಲ್ಲಿ ಸೇರಿರಲಿಲ್ಲ. ಅನೇಕ ಮೋಟರ್‌ಹೋಮ್ ಕರಾರುಗಳಲ್ಲಿ ಇದು ಹೀಗೇ ಇರುತ್ತದೆ, ಮೋಸವೇನಲ್ಲ, ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ. ನಾನು ಓದಿರಲಿಲ್ಲ. ಹೋಟೆಲ್‌ನಿಂದ ಉಳಿಸುತ್ತೇವೆ ಅಂದುಕೊಂಡದ್ದು ಅಲ್ಲೇ ಬಡ್ಡಿ ಸಮೇತ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಗ್ಗವೇ ಅಂತ ಕೇಳಿದಿರಿ. ಅಲ್ಲ. ಗಾಡಿಯ ಬಾಡಿಗೆಯನ್ನು ಹೋಟೆಲ್ ಬಾಡಿಗೆಯ ಪಕ್ಕ ಇಟ್ಟು ನೋಡಿದರೆ ಹಾಗೆ ಕಾಣುತ್ತದೆ ಅಷ್ಟೇ. ಡೀಸೆಲ್ ಗಾಡಿಗೆ ಡೀಸೆಲ್ ದುಡ್ಡಲ್ಲದೆ ಓಡಿಸಿದ ಕಿಲೋಮೀಟರಿಗೆ ರಸ್ತೆ ತೆರಿಗೆ ಬೇರೆ, ಕೊನೆಯಲ್ಲಿ ಲೆಕ್ಕ ಹಾಕಿ ಕೇಳುತ್ತಾರೆ. ಇನ್ಶೂರೆನ್ಸ್ ಬೇರೆ. ರಾತ್ರಿ ತಂಗಲು ಹಾಲಿಡೇ ಪಾರ್ಕ್‌ನಲ್ಲಿ ತಲೆಗಿಷ್ಟು ಅಂತ ಬೇರೆ. ‘ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಮಲಗಬಹುದು’ ಅನ್ನುವ ಕಾಲ ಹೋಯಿತು. ಬಯಲಲ್ಲಿ ತಂಗುವುದಕ್ಕೆ ಅಲ್ಲಿ 2011ರಿಂದ ಕಾನೂನೇ ಇದೆ, 2023ರಲ್ಲಿ ಇನ್ನೂ ಬಿಗಿ ಮಾಡಿದರು. ಒಳಗೆ ಕೂರಿಸಿದ ಟಾಯ್ಲೆಟ್ ಇದ್ದು ಪ್ರಮಾಣಪತ್ರ ಪಡೆದ ಗಾಡಿಯಾದರೂ, ಆ ಊರಿನ ಕೌನ್ಸಿಲ್ ಬೇಡ ಅಂದ ಜಾಗದಲ್ಲಿ ನಿಲ್ಲಿಸಿದರೆ ದಂಡ ಕಟ್ಟಬೇಕು.

ಇನ್ನು ಹಿರಿಯರು. ಕಾಗದದ ಮೇಲೆ ಆರು ಬರ್ತ್ ಸರಿ. ಆದರೆ ಆರು ಜನ ಮಲಗಿದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ರಾತ್ರಿ ಎರಡು ಸಲ ಏಳುವ ಅತ್ತೆ, ಎಲ್ಲರೂ ಮಲಗಿರುವ ಕಡೆಯೇ ಬಾಗಿಲು ತೆರೆಯುವ ಟಾಯ್ಲೆಟ್ಟಿಗೆ ಹೋಗಲು ನಾಚಿ, ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಅದು ನನ್ನ ಹೆಂಡತಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಚಾವಣಿಯ ದುಡ್ಡಿಗಿಂತ ನನಗೆ ಇದೇ ಜಾಸ್ತಿ ಬೇಜಾರು. ನಿಮ್ಮ ತಾಯಿಯವರೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡಿ ಬೇಕಾದರೆ.

ನನ್ನನ್ನು ಕೇಳಿದರೆ, ನೀವು ಏಳು ಸೀಟಿನ ಕಾರು ತಗೊಳ್ಳಿ. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ, ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸೂ ನಡೆಯುತ್ತದೆ. ಮೋಟರ್‌ಹೋಮ್‌ಗಳು ನಿಲ್ಲುವ ಅದೇ ಹಾಲಿಡೇ ಪಾರ್ಕ್‌ಗಳಲ್ಲಿ ಅಡುಗೆಮನೆ, ಸ್ನಾನದ ಮನೆ ಇರುವ ಪುಟ್ಟ ಮನೆಗಳು ಸಿಗುತ್ತವೆ. ಅನ್ನ ಸಾರು ಮಾಡಿಕೊಳ್ಳಬಹುದು, ಹಿರಿಯರಿಗೆ ಒಂದು ಕೋಣೆ, ಒಂದು ಬಾಗಿಲು. ಮಕ್ಕಳ ಮೋಟರ್‌ಹೋಮ್ ಆಸೆಗೆ ಬೇಕಾದರೆ ಮುಂದೆ ನೀವು ನಾಲ್ವರೇ ಯಾವಾಗಲಾದರೂ ಹೋಗಿ, ನಾಲ್ಕು ಬರ್ತ್‌ನ ಗಾಡಿಯಲ್ಲಿ. ಆಗ ಅದು ನಿಜಕ್ಕೂ ಮಜಾ, ಅದನ್ನು ಅಲ್ಲಗಳೆಯುವುದಿಲ್ಲ.

ಮತ್ತೆ ಆ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿ. ಎಂಟು ದಿನಕ್ಕೆ ಪಶ್ಚಿಮ ಕರಾವಳಿ ಬೇಡವೇ ಬೇಡ. ಟೆಕಾಪೊದಲ್ಲಿ ಎರಡು ರಾತ್ರಿ ಇರಿ. 1935ರಲ್ಲಿ ಕಟ್ಟಿದ ಕಲ್ಲಿನ ಚರ್ಚ್ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅಸಲಿ ವಿಷಯ ಇರುವುದು ರಾತ್ರಿ. ಆ ಪ್ರದೇಶವನ್ನು 2012ರಲ್ಲಿ ಕತ್ತಲ ಆಕಾಶದ ಮೀಸಲು ತಾಣ ಅಂತ ಗುರುತಿಸಿದ್ದಾರೆ, ಊರಿನ ದೀಪಗಳೆಲ್ಲ ನೆಲಕ್ಕೆ ಮುಖ ಮಾಡಿವೆ. ಆಮೇಲೆ ಪುಕಾಕಿ ಸರೋವರದ ಪಕ್ಕದಲ್ಲೇ ಅವೊರಾಕಿ, ಅಂದರೆ ಮೌಂಟ್ ಕುಕ್ ಕಡೆಗೆ. ಹಿಮನದಿ ಕಲ್ಲನ್ನು ಅರೆದು ಮಾಡಿದ ಹಿಟ್ಟು ನೀರಿನಲ್ಲಿ ತೇಲುತ್ತಿರುವುದರಿಂದ ಆ ಸರೋವರಕ್ಕೆ ಆ ಹಾಲುನೀಲಿ. 3,724 ಮೀಟರಿನ ಶಿಖರ ಮೋಡದಿಂದ ಹೊರಬರಲು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನಾವು ಇಟ್ಟುಕೊಂಡಿರಲಿಲ್ಲ, ಮೋಡವನ್ನೇ ನೋಡಿ ಬಂದೆವು. ಹಿರಿಯರಿಗೆ ಕೀಯಾ ಪಾಯಿಂಟ್‌ವರೆಗಿನ ಸಣ್ಣ ನಡಿಗೆ ಸಾಕು. ಹೂಕರ್ ಕಣಿವೆಯದು ಹೋಗಿ ಬರಲು ಸುಮಾರು 10 ಕಿ.ಮೀ., ಪೂರ್ತಿ ತೆರೆದಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಅಲ್ಲಿಂದ ಲಿಂಡಿಸ್ ಪಾಸ್ ದಾಟಿ ವಾನಾಕಾ, ಕ್ವೀನ್ಸ್‌ಟೌನ್. ಏಪ್ರಿಲ್‌ನಲ್ಲಿ ಆರೋಟೌನ್‌ನ ಮರಗಳೆಲ್ಲ ಹಳದಿ ತಿರುಗಿರುತ್ತವೆ. ಮಿಲ್ಫರ್ಡ್‌ಗೆ ಕ್ವೀನ್ಸ್‌ಟೌನ್‌ನಿಂದ ಒಂದು ಕಡೆಗೇ 280 ಕಿ.ಮೀ. ಮೇಲೆ. ನೋಡಲೇಬೇಕು ಅಂದರೆ ಬಸ್ಸಿನಲ್ಲಿ ಹೋಗಿ ಬನ್ನಿ, ಸುಮ್ನೆ ಸ್ಟೀರಿಂಗ್ ಹಿಡಿದು ದಣಿಯಬೇಡಿ. ವಿಮಾನ ಕ್ವೀನ್ಸ್‌ಟೌನ್‌ನಿಂದಲೇ ಹತ್ತಿ, ಕಾರನ್ನು ಅಲ್ಲೇ ಬಿಡಿ.

ಇಷ್ಟು ಓದಿದ ಮೇಲೂ ಮೋಟರ್‌ಹೋಮೇ ಅಂತ ಹಟ ಹಿಡಿದಿದ್ದರೆ ಕೆಲವು ವಿಷಯ ಗಮನದಲ್ಲಿರಲಿ. ಮಗುವಿಗೆ 7 ವರ್ಷ ತುಂಬುವವರೆಗೆ ಮಕ್ಕಳ ಸೀಟು ಕಡ್ಡಾಯ, ಆದರೆ ಗಾಡಿಯ ಎಲ್ಲ ಸೀಟಿಗೂ ಅದನ್ನು ಕಟ್ಟಲು ಬರುವುದಿಲ್ಲ, ಬುಕ್ ಮಾಡುವ ಮೊದಲೇ ಕೇಳಿ. ಕೇಬಲ್ ಸಿಕ್ಕಿಸದಿದ್ದರೆ ಒಳಗಿನ ಪ್ಲಗ್‌ಗಳಲ್ಲಿ ಕರೆಂಟ್ ಬರುವುದಿಲ್ಲ, ಮಿಕ್ಸಿ, ರೈಸ್ ಕುಕ್ಕರ್ ಹೊತ್ತೊಯ್ಯಬೇಡಿ. ಹೀಟರ್ ಕರೆಂಟಿನದೋ ಗ್ಯಾಸಿನದೋ ಅಂತಲೂ ಕೇಳಿ, ಏಪ್ರಿಲ್ ರಾತ್ರಿ ಟೆಕಾಪೊದಲ್ಲಿ ಚಳಿ ತಮಾಷೆಯಲ್ಲ. ಮೌಂಟ್ ಕುಕ್ ಬುಡದ ವೈಟ್ ಹಾರ್ಸ್ ಹಿಲ್ ಕ್ಯಾಂಪ್‌ನಲ್ಲಿ ಕರೆಂಟ್ ಇಲ್ಲ, ಬೇಕೆಂದರೆ ಸ್ವಲ್ಪ ಹಿಂದಿರುವ ಗ್ಲೆಂಟ್ಯಾನರ್‌ನಲ್ಲಿ ಉಳಿಯಿರಿ. ಒಗ್ಗರಣೆ ಹಾಕುವ ಮೊದಲು ಕಿಟಕಿ ತೆರೆಯಿರಿ. ಸಾಸಿವೆ ಸಿಡಿಯುವ ಮುಂಚೆಯೇ ಹೊಗೆ ಅಲಾರಂ ಬಡಿದುಕೊಂಡು ಇಡೀ ಪಾರ್ಕನ್ನೇ ಎಬ್ಬಿಸುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ, ಏನೇ ಒಯ್ದರೂ ದೇಶದೊಳಗೆ ಹೋಗುವ ಮೊದಲು ತುಂಬಬೇಕಾದ ಘೋಷಣೆಯ ಫಾರಂನಲ್ಲಿ ಬರೆದುಬಿಡಿ. ಬರೆದು ತೋರಿಸಿದರೆ ಹೆಚ್ಚೆಂದರೆ ಬಿಸಾಡುತ್ತಾರೆ, ಬಚ್ಚಿಟ್ಟರೆ 400 ಡಾಲರ್ ದಂಡ. ಹಸಿ ಕರಿಬೇವು, ಜೇನುತುಪ್ಪ ಒಯ್ಯಲೇಬೇಡಿ. ಅಕ್ಕಿ ಬೇಳೆ ಕ್ರೈಸ್ಟ್‌ಚರ್ಚ್‌ನ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತದೆ.

ವಾನಾಕಾದಿಂದ ಕ್ವೀನ್ಸ್‌ಟೌನ್‌ಗೆ ಮ್ಯಾಪ್ ಕ್ರೌನ್ ರೇಂಜ್ ದಾರಿ ತೋರಿಸುತ್ತದೆ. ಸಾವಿರ ಮೀಟರಿಗೂ ಹೆಚ್ಚು ಎತ್ತರ, ಆ ಕಡೆ ಇಳಿಯುವಾಗ ಕಡಿದಾದ ತಿರುವುಗಳು. ದೊಡ್ಡ ಗಾಡಿಯಾದರೆ ಕ್ರಾಮ್ವೆಲ್ ಮೇಲೆ ಸುತ್ತಿ ಬನ್ನಿ. ಮತ್ತೆ ಗಾಡಿ ಕೈಗೆ ಬಂದ ಕೂಡಲೇ ಚಾವಣಿಯ ನಾಲ್ಕೂ ಮೂಲೆಯ ಫೋಟೊ ತೆಗೆಯಿರಿ. ಅದಕ್ಕೆ ಏಣಿ ಬೇಕಾಗುತ್ತದೆ. ಬಾಡಿಗೆಯವರ ಹತ್ತಿರ ಇದೆಯಾ ಅಂತ ಕೇಳಿ ತಗೊಳ್ಳಿ.