ಯಾವ ಕಂಪನಿ ನಲ್ಲಿ ಅಂತ ಕೇಳೋ ಮೊದಲು ನಿಮ್ಮ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಹೇಳಿ

ಬಾತ್‌ರೂಮ್ ಫಿಟಿಂಗ್ಸ್ ಬಗ್ಗೆ ಬರೋ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ. ಯಾವ ಕಂಪನಿ ಒಳ್ಳೇದು, ಎಷ್ಟು ವರ್ಷ ವಾರಂಟಿ, ಕಪ್ಪು ಕಲರ್ ಚೆನ್ನಾಗಿರುತ್ತಾ. ನೀರು ಬೋರ್‌ವೆಲ್‌ದಾ ಕಾವೇರಿದಾ, ಮನೆ ಯಾವ ಫ್ಲೋರು, ಸೋಲಾರ್ ಇದೆಯಾ ಗೀಸರ್ ಇದೆಯಾ ಅಂತ ಯಾರೂ ಬರೆಯಲ್ಲ. ಅದು ಗೊತ್ತಿಲ್ಲದೆ ನಾನು ಕಂಪನಿ ಹೆಸರು ಹೇಳಿದ್ರೆ ನಿಮ್ಮ ದುಡ್ಡು ಹಾಳು, ಅದಕ್ಕೇ ಹೇಳಲ್ಲ. ಈ ಸಲ ಒಬ್ಬರು ಮಾತ್ರ ಪೂರ್ತಿ ವಿವರ ಕೊಟ್ಟಿದ್ದಾರೆ, ಜಾಸ್ತಿ ಜಾಗ ಅವರಿಗೇ.

ಪ್ರಶ್ನೆ: ಬೆಂಗಳೂರು, ಎರಡನೇ ಮಹಡಿ, ಮೇಲೆ ಟೆರೇಸ್. ಟೆರೇಸ್ ಮೇಲೆ ನಾಲ್ಕಡಿ ಸ್ಟ್ಯಾಂಡ್ ಹಾಕಿ ಟ್ಯಾಂಕ್ ಇಟ್ಟಿದೀವಿ, ಪಕ್ಕದಲ್ಲೇ ಸೋಲಾರ್. ಹೊಸ ಬಾತ್‌ರೂಮ್‌ಗೆ ಸಿಂಗಲ್ ಲಿವರ್ ಡೈವರ್ಟರ್ (ಒಂದೇ ಹಿಡಿಯಲ್ಲಿ ಬಿಸಿನೀರು ತಣ್ಣೀರು ಬೆರೆಸಿ ನಲ್ಲಿಗೋ ಶವರಿಗೋ ಬಿಡೋದು), 12 ಇಂಚಿನ ರೇನ್ ಶವರ್ ಹಾಕಿಸಿದ್ವಿ. ನೀರು ಸಣ್ಣಗೆ ತೊಟ್ಟಿಕ್ಕುತ್ತೆ. ಪ್ಲಂಬರ್ ತಣ್ಣೀರಿನ ಲೈನಿಗೆ ಪ್ರೆಷರ್ ಪಂಪ್ ಹಾಕಿಕೊಟ್ರು, ಈಗ ಬೆಳಗ್ಗೆ ಸೋಲಾರಲ್ಲಿ ಬಿಸಿನೀರೇ ಬರ್ತಿಲ್ಲ, ಮೇಲೆ ಪೈಪಿಂದ ನೀರು ಸುರೀತಿದೆ. ನಲ್ಲಿ ಡಿಫೆಕ್ಟಾ? ಬೇರೆ ಯಾವುದು ಹಾಕಿಸ್ಲಿ?

ನಲ್ಲಿ ಸರಿಯಾಗೇ ಇದೆ. ನಿಮ್ಮ ಮನೆಗೆ ಆ ನಲ್ಲಿ ಮಾರಿದ್ದೇ ತಪ್ಪು.

ನೀರು 10 ಮೀಟರ್ ಎತ್ತರದಿಂದ ಇಳಿದ್ರೆ ಹತ್ತಿರತ್ತಿರ 1 ಬಾರ್ ಪ್ರೆಷರ್, ಪ್ಲಂಬರ್‌ಗಳು ಒಂದು ಕೆಜಿ ಅಂತಾರಲ್ಲ ಅದೇ. ನಿಮ್ಮ ಟ್ಯಾಂಕಿನ ತಳ ಬಾತ್‌ರೂಮ್ ನೆಲದಿಂದ ಸುಮಾರು 14 ಅಡಿ (ಕೋಣೆ ಹತ್ತಡಿ, ಸ್ಟ್ಯಾಂಡ್ ನಾಲ್ಕಡಿ) ಮೇಲಿದೆ, ಶವರ್ 7 ಅಡಿಯಲ್ಲಿದೆ. ಮಧ್ಯೆ ಉಳಿಯೋದು 7 ಅಡಿ, ಅಂದ್ರೆ ಎರಡು ಮೀಟರ್ ಚಿಲ್ಲರೆ, ಅಂದ್ರೆ 0.2 ಬಾರ್. ಶೋರೂಮಿನ ಕ್ಯಾಟಲಾಗಲ್ಲಿ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಬರೆದಿರೋದು ಸಾಮಾನ್ಯವಾಗಿ 3 ಬಾರ್ ಲೆಕ್ಕದಲ್ಲಿ. 3 ಬಾರ್ ಬೇಕಂದ್ರೆ ಟ್ಯಾಂಕು ಶವರಿಗಿಂತ 30 ಮೀಟರ್ ಮೇಲಿರಬೇಕು, ಅಷ್ಟು ಎತ್ತರ ಹತ್ತು ಮಹಡಿ ಕಟ್ಟಡಕ್ಕೇ ಇರೋದು. ಶೋರೂಮಲ್ಲಿ ಪಂಪ್ ಹಾಕಿ ಧೋ ಅಂತ ನೀರು ಬಿಟ್ಟು ತೋರಿಸ್ತಾರೆ, ನೀವು ಖುಷಿಯಾಗಿ ಕಾರ್ಡ್ ಉಜ್ಜಿ ಬರ್ತೀರ. ಮನೆ ಯಾವ ಫ್ಲೋರು ಅಂತ ಒಂದು ಮಾತು ಕೇಳದೆ ಮಾರೋರ ಮೇಲೆ ನಂಗೆ ನಿಜವಾಗ್ಲೂ ಸಿಟ್ಟಿದೆ.

ಸಿಂಗಲ್ ಲಿವರ್ ಒಳಗೆ ನೀರು ತೆರೆದು ಮುಚ್ಚೋ ಭಾಗಕ್ಕೆ ಸೆರಾಮಿಕ್ ಕಾರ್ಟ್ರಿಜ್ ಅಂತಾರೆ, ಅದರಲ್ಲಿ ನೀರು ಹೋಗೋ ದಾರಿ ಸಣ್ಣದು. ಕಮ್ಮಿ ಪ್ರೆಷರಲ್ಲಿ ಅದರೊಳಗೇ ಸಾಕಷ್ಟು ಶಕ್ತಿ ಹೋಗುತ್ತೆ, ಉಳಿದಿದ್ದು 12 ಇಂಚಿನ ತಟ್ಟೆಯ ನೂರಾರು ತೂತಿಗೆ ಹಂಚಿಹೋಗುತ್ತೆ, ಇನ್ನೇನು ಬರುತ್ತೆ.

ಈಗ ಪಂಪ್ ವಿಷಯ. ತಣ್ಣೀರಿಗೆ ಮಾತ್ರ ಪಂಪ್ ಹಾಕಿ ಬಿಸಿನೀರು ಸೋಲಾರಿಂದ ತಾನಾಗೇ ಇಳೀಲಿ ಅಂತ ಬಿಟ್ರೆ, ಮಿಕ್ಸರ್ ಒಳಗೆ ಎರಡೂ ಸೇರೋ ಜಾಗದಲ್ಲಿ ಜೋರಾಗಿರೋ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ, ಸೀದಾ ಮೇಲಕ್ಕೆ ಹತ್ತಿ, ಸೋಲಾರ್ ಟ್ಯಾಂಕ್ ಸೇರಿ, ಟ್ಯಾಂಕಿಗೆ ಗಾಳಿ ಆಡೋಕೆ ಬಿಟ್ಟಿರೋ ಏರ್ ವೆಂಟ್ ಪೈಪಿಂದ ಹೊರಗೆ ಸುರಿಯುತ್ತೆ. ನಿಮ್ಮ ಮನೇಲಿ ಆಗ್ತಿರೋದು ಇದೇ. ಇಡೀ ದಿನದ ಬಿಸಿಲಲ್ಲಿ ಕಾದ ನೀರನ್ನ ನೀವೇ ತಣ್ಣಗೆ ಮಾಡ್ಕೊತಿದೀರ. ಲಿವರನ್ನ ಮಧ್ಯದಲ್ಲಿ ಬಿಟ್ಟು ತುದೀಲಿ ಹ್ಯಾಂಡ್ ಶವರ್ ಬಟನ್ ಮಾತ್ರ ಆಫ್ ಮಾಡೋರ ಮನೇಲಿ ಇದು ಇನ್ನೂ ಜಾಸ್ತಿ.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ನೀರು ಸುರೀತಿದೆ ಅಂತ ಕೆಲವರು ಆ ವೆಂಟ್ ಪೈಪಿಗೆ ಎಂಡ್ ಕ್ಯಾಪ್ ಹಾಕಿ ಮುಚ್ಚಿ ಹೋಗ್ತಾರೆ. ಮುಚ್ಚಲೇಬಾರದು. ಮಾಮೂಲಿ ಸೋಲಾರ್ ಟ್ಯಾಂಕು ಪ್ರೆಷರ್ ತಡೆಯೋಕೆ ಮಾಡಿದ್ದಲ್ಲ, ಕ್ಯಾಪ್ ಹಾಕಿದ್ರೆ ಒಳಗಿನ ಒತ್ತಡಕ್ಕೆ ಉಬ್ಬಿ ಒಡೀಬಹುದು, ಇಲ್ಲಾಂದ್ರೆ ನೀರು ಎಳೆದಾಗ ಗಾಳಿ ಸಿಗದೆ ಒಳಗೇ ಕುಸೀಬಹುದು. ನಿಮ್ಮ ಪ್ಲಂಬರ್ ಈ ಮಾತು ಆಡಿದ್ರೆ ಆ ಕೆಲಸ ಬೇಡ ಅಂತ ಅಲ್ಲೇ ಹೇಳ್ಬಿಡಿ.

ಹಾಗಾದ್ರೆ ಏನು ಮಾಡೋದು. ಪಂಪ್ ಬೇಕೇ ಬೇಕು ಅಂದ್ರೆ ಎರಡೂ ಲೈನಿಗೆ ಹಾಕಿಸಿ, ಸೋಲಾರ್ ಔಟ್‌ಲೆಟ್‌ಗೆ ಬಿಸಿನೀರು ತಡೆಯೋ ಪಂಪೇ ಆಗಬೇಕು, ಸೋಲಾರಿಗೆ ತಣ್ಣೀರು ತುಂಬೋ ಪೈಪು ಮಾತ್ರ ಪಂಪಿಗೆ ಸೇರದೆ ಟ್ಯಾಂಕಿಂದ ನೇರ ಇರಬೇಕು, ಮಿಕ್ಸರಿಗೆ ಮುಂಚೆ ಎರಡೂ ಕಡೆ ನೀರು ಹಿಂದಕ್ಕೆ ಹೋಗದ ಹಾಗೆ ತಡೆಯೋ ನಾನ್ ರಿಟರ್ನ್ ವಾಲ್ವ್ ಇರಬೇಕು. ಪಂಪ್ ಬೇಡ ಅನ್ನೋದಾದ್ರೆ, ನಾನು ನಿಮಗೆ ಹೇಳೋದೂ ಇದನ್ನೇ, ಆ ಪಂಪ್ ತೆಗೆಸಿ, ಹಳೇ ಕಾಲದ್ದು ಅಂತ ಮೂಗು ಮುರೀಬೇಡಿ, ಬಿಸಿಗೊಂದು ತಣ್ಣೀರಿಗೊಂದು ಬೇರೆ ಬೇರೆ ನಾಬ್ ಇರೋ ವಾಲ್ ಮಿಕ್ಸರ್ ಹಾಕಿಸಿ, ಶವರ್ 4 ಇಂಚಿನದ್ದು ಸಾಕು. ಡೈವರ್ಟರ್ ಬಾಡಿ ಗೋಡೆಯೊಳಗಿದೆ, ಹಾಗಾಗಿ ಒಂದೆರಡು ಟೈಲ್ ಒಡೀಲೇಬೇಕಾಗುತ್ತೆ. ಒಡೆದಾಗ ಪೈಪೂ ನೋಡ್ಕೊಳಿ, ಟ್ಯಾಂಕಿಂದ ಅರ್ಧ ಇಂಚಿನ ಪೈಪೇ ಎಳೆದಿದ್ರೆ ಬಾತ್‌ರೂಮ್‌ವರೆಗೆ ಒಂದು ಇಂಚು ಮಾಡಿಸಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ. ಟ್ಯಾಂಕ್ ಇನ್ನೊಂದು ಮೀಟರ್ ಎತ್ತಿಸೋಣ ಅಂತ ಯಾರಾದ್ರೂ ಅಂದ್ರೆ ಅದರಿಂದ ಸಿಗೋದು ಬರೀ 0.1 ಬಾರ್. ಸಾವಿರ ಲೀಟರ್ ಟ್ಯಾಂಕ್ ತುಂಬಿದಾಗ ಒಂದು ಟನ್ ತೂಕ, ಅದನ್ನ ಎಂಜಿನಿಯರ್ ಕೇಳದೆ ಎತ್ತರದ ಸ್ಟ್ಯಾಂಡ್ ಮೇಲೆ ಇಡೋದಕ್ಕೆ ನನ್ನ ಒಪ್ಪಿಗೆ ಇಲ್ಲ.

ಪ್ರಶ್ನೆ: ಆಯಸ್ಕಾಂತ ಅಂಟದಿದ್ರೆ ಹಿತ್ತಾಳೆ ನಲ್ಲಿ ಅಂತ ಅಂಗಡಿಯವರು ತೋರಿಸಿದ್ರು, ನಿಜಾನಾ?

ಸತುವಿಗೂ ಆಯಸ್ಕಾಂತ ಅಂಟಲ್ಲ ಸ್ವಾಮಿ. ಅಗ್ಗದ ನಲ್ಲಿಗಳು ಸತುವಿನ ಮಿಶ್ರಲೋಹದವೇ, ಮೇಲೆ ಕ್ರೋಮ್ ಹೊಳಪು ಒಂದೇ ಥರ. ನೀರು ಒಳಗೆ ಬರೋ ಕಡೆ ಥ್ರೆಡ್ ಒಳಗೆ ಟಾರ್ಚ್ ಹಾಕಿ ನೋಡಿ, ಹಳದಿ ಇದ್ರೆ ಹಿತ್ತಾಳೆ, ಬೂದು ಬಣ್ಣ ಇದ್ರೆ ಅಲ್ಲೇ ಇಟ್ಟು ಬನ್ನಿ.

ಪ್ರಶ್ನೆ: ಕೋಲಾರ, ಬೋರ್ ನೀರು. ನಲ್ಲಿ ಮೇಲೆ ಬಿಳಿ ಕಲೆ, ಆಸಿಡ್ ಹಾಕಿ ಉಜ್ಜಿದೆ, ಈಗ ಹೊಳಪೇ ಹೋಯ್ತು. ಪೈಪಿಗೆ ಮ್ಯಾಗ್ನೆಟ್ ಕಟ್ಟಿದ್ರೆ ಉಪ್ಪು ಕೂರಲ್ಲವಂತೆ?

ಆಸಿಡ್ ಕ್ರೋಮನ್ನೇ ತಿನ್ನುತ್ತೆ, ಹೋದ ಹೊಳಪು ವಾಪಸ್ ಬರಲ್ಲ. ಕಿಟಕಿ ಮುಚ್ಚಿದ ಬಾತ್‌ರೂಮಲ್ಲಿ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸೋರೂ ಇದಾರೆ, ಅದರಿಂದ ಕ್ಲೋರಿನ್ ಗಾಳಿ ಬರುತ್ತೆ, ಶ್ವಾಸಕ್ಕೇ ಅಪಾಯ, ಯಾವತ್ತೂ ಮಾಡ್ಬೇಡಿ. ಕ್ರೋಮ್ ನಲ್ಲಿ ಮೇಲಿನ ಕಲೆಗೆ ವಿನೆಗರಿಗೆ ನೀರು ಬೆರೆಸಿ ಬಟ್ಟೆ ಅದ್ದಿ ಹತ್ತು ನಿಮಿಷ ಸುತ್ತಿಡಿ, ಆಮೇಲೆ ಚೆನ್ನಾಗಿ ತೊಳೆದು ಒರೆಸಿ. ಮ್ಯಾಗ್ನೆಟ್ಟಿಗೆ ದುಡ್ಡು ಕೊಡೋ ಮೊದಲು ನೀರಿನ ಗಡಸುತನ (ಬಿಳಿ ಕಲೆ ಕಟ್ಟೋ ಲವಣ ಎಷ್ಟಿದೆ ಅನ್ನೋದು) ಟೆಸ್ಟ್ ಮಾಡಿಸಿ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ. ಜಾಸ್ತಿ ಇದ್ರೆ ಗಡಸು ಲವಣ ಹಿಡಿದಿಟ್ಟುಕೊಳ್ಳೋ ರೆಸಿನ್ ಸಾಫ್ಟನರ್, ಆಗಾಗ ಉಪ್ಪು ಹಾಕಿ ಮತ್ತೆ ಸರಿಮಾಡ್ಕೊಳ್ಳೋ ಥರದ್ದು, ಹಾಕಿಸಿ.

ಪ್ರಶ್ನೆ: ಮ್ಯಾಟ್ ಬ್ಲ್ಯಾಕ್ ಹಾಕಿಸ್ಬಹುದಾ?

ಬೋರ್ ನೀರಿದ್ರೆ ಬೇಡ. ಪ್ರತಿ ಹನಿಯ ಕಲೆಯೂ ಕಾಣುತ್ತೆ.

ಪ್ರಶ್ನೆ: ನಲ್ಲಿ ಬಾಯಲ್ಲಿರೋ ಏರೇಟರ್ (ನೀರಿಗೆ ಗಾಳಿ ಬೆರೆಸಿ ಖರ್ಚು ಕಮ್ಮಿ ಮಾಡೋ ಜಾಲರಿ) ತೆಗೆದ್ರೆ ನೀರು ಜೋರಾಗಿ ಬರುತ್ತೆ ಅಂತ ತೆಗೆದಿಟ್ಟಿದೀನಿ, ಸರೀನಾ?

ಬಕೆಟ್ ತುಂಬೋ ನಲ್ಲಿಗೆ ಏರೇಟರ್ ಬೇಕಿಲ್ಲ, ಹೇಗಿದ್ರೂ ಅದೇ ಬಕೆಟ್ ತುಂಬಬೇಕು. ವಾಷ್ ಬೇಸಿನ್‌ದು ಮಾತ್ರ ವಾಪಸ್ ಹಾಕಿ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ನೀರಿಗೆ ಅಷ್ಟು ಕಷ್ಟ ಆದಾಗ ಜಲಮಂಡಳಿ ಹೋಟೆಲ್, ಅಪಾರ್ಟ್‌ಮೆಂಟ್‌ಗಳಿಗೆ ಏರೇಟರ್ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ನೀರು ಸಣ್ಣ ಆಗಿದ್ರೆ ಜಾಲರಿಯಲ್ಲಿ ಮರಳು ಕೂತಿರುತ್ತೆ, ಬಿಚ್ಚಿ ಹಳೇ ಟೂತ್‌ಬ್ರಷಲ್ಲಿ ತೊಳೀರಿ.

ಪ್ರಶ್ನೆ: ಹೊಸ ನಲ್ಲಿ ಹಾಕಿದ ವಾರಕ್ಕೇ ಸೋರ್ತಿದೆ, ಕಂಪನಿ ಮೇಲೆ ಕಂಪ್ಲೇಂಟ್ ಕೊಡ್ಲಾ?

ಹಾಕೋ ಮೊದಲು ಪೈಪಲ್ಲಿ ನೀರು ಬಿಟ್ಟು ಸಿಮೆಂಟು, ಮರಳು ಎಲ್ಲ ಹೊರಗೆ ಹೋಗೋ ಹಾಗೆ ಮಾಡಿದ್ರಾ ಅಂತ ಮೊದಲು ಪ್ಲಂಬರ್‌ನ ಕೇಳಿ. ಇಲ್ಲ ಅಂದ್ರೆ ಒಂದು ಕಣ ಮರಳು ಕಾರ್ಟ್ರಿಜ್ ಸೀಲಿಗೆ ಸಿಕ್ಕಿರೋ ಸಾಧ್ಯತೆನೇ ಜಾಸ್ತಿ. ಕಾರ್ಟ್ರಿಜ್ ಬಿಚ್ಚಿ ತೊಳೆದು ಹಾಕ್ಲಿ, ಆಮೇಲೂ ಸೋರಿದ್ರೆ ಬಿಲ್ ತಗೊಂಡು ಅಂಗಡಿಗೆ ಹೋಗಿ.