ವೈದ್ಯರ ಕಣ್ಣೆದುರೇ ಹೃದಯ ನಿಂತರೂ ಜೀವ ಉಳಿಯದಿರುವುದೇಕೆ?

ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯರ ಸಮ್ಮುಖದಲ್ಲೇ ಹೃದಯಸ್ತಂಭನಕ್ಕೊಳಗಾದ ರೋಗಿಯೂ ಏಕೆ ಬದುಕುಳಿಯುವುದಿಲ್ಲ ಎಂದು ತಾವು ಕೇಳಿದ್ದೀರಿ. ಸುಸಜ್ಜಿತ ಆಸ್ಪತ್ರೆಗಳಲ್ಲೂ ಹೀಗಾದವರ ಪೈಕಿ ಗುಣಮುಖರಾಗಿ ಮನೆಗೆ ಮರಳುವವರು ಸ್ಥೂಲವಾಗಿ ನಾಲ್ಕೈದು ಮಂದಿಯಲ್ಲಿ ಒಬ್ಬರು ಮಾತ್ರ.

ಇಲ್ಲಿ ನಿರ್ಣಾಯಕವಾಗುವುದು ಮಾನಿಟರಿನಲ್ಲಿ ಕಾಣುವ ಲಯ. ಹೃದಯದ ಕೆಳಕೋಣೆಗಳು ಲಯತಪ್ಪಿ ಅದುರುತ್ತಿದ್ದರೆ, ಪರದೆಯ ಮೇಲೆ ಮಗು ಗೀಚಿದಂಥ ಅಂಕುಡೊಂಕು ಗೆರೆ ಮೂಡುತ್ತದೆ. ಆಗ ತಡಮಾಡದೆ ಕೊಟ್ಟ ವಿದ್ಯುದಾಘಾತದಿಂದ ಹೃದಯ ಮತ್ತೆ ಸರಿದಾರಿಗೆ ಬರುವ ಸಾಧ್ಯತೆ ಗಣನೀಯವಾಗಿರುತ್ತದೆ. ಆದರೆ ಗೆರೆ ಚಪ್ಪಟೆಯಾಗಿದ್ದರೆ, ಅಥವಾ ಗೆರೆ ಕ್ರಮಬದ್ಧವಾಗಿ ಓಡುತ್ತಿದ್ದರೂ ನಾಡಿ ಸಿಗದಿದ್ದರೆ, ಸಿನಿಮಾಗಳಲ್ಲಿ ಏನೇ ತೋರಿಸಲಿ, ಆಘಾತದಿಂದ ಪ್ರಯೋಜನವಿಲ್ಲ. ಆಸ್ಪತ್ರೆಯೊಳಗಿನ ಹೆಚ್ಚಿನ ಪ್ರಕರಣಗಳು ಹೀಗೆ ಆಘಾತದಿಂದ ಪ್ರಯೋಜನವಿಲ್ಲದ ಬಗೆಯವು.

ಆಗ ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂ.ಮೀ. ಆಳಕ್ಕೆ ಎದೆಯನ್ನು ಒತ್ತುತ್ತ (ಎರಡೇ ನಿಮಿಷಕ್ಕೆ ತೋಳು ಸೋಲುವುದರಿಂದ ಒತ್ತುವವರು ಬದಲಾಗುತ್ತಾರೆ), 3ರಿಂದ 5 ನಿಮಿಷಕ್ಕೊಮ್ಮೆ ಹೃದಯವನ್ನು ಉತ್ತೇಜಿಸುವ ಅಡ್ರಿನಲಿನ್ ಔಷಧವನ್ನು 1 ಮಿ.ಗ್ರಾಂ. ನೀಡುತ್ತ, ಮೂಲ ಕಾರಣವನ್ನು ಹುಡುಕಬೇಕಾಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿಕೆಯಂಥ ಕಾರಣವನ್ನು ಔಷಧದಿಂದ ಸರಿಪಡಿಸಬಹುದು. ತೀವ್ರ ಸೋಂಕು ಅಥವಾ ಭಾರೀ ರಕ್ತಸ್ರಾವದಿಂದ ಅಂಗಾಂಗಗಳು ಮೊದಲೇ ಸೋತಿದ್ದರೆ, ನಿಂತ ಹೃದಯ ಆ ಸರಣಿಯ ಕೊನೆಯ ಘಟನೆಯಷ್ಟೇ ಆಗಿರುತ್ತದೆ, ಆಗ ವೈದ್ಯರು ಹತ್ತಿರದಲ್ಲಿದ್ದುದು ಸಮಯವನ್ನು ಉಳಿಸುತ್ತದೆಯೇ ಹೊರತು ಕಾಯಿಲೆಯನ್ನು ಅಳಿಸುವುದಿಲ್ಲ.