ಮೂರನೇ ಫೋಟೋ ಎಲ್ಲಿ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರ ಪತ್ರ ಈ ಸಲ ಉಳಿದೆಲ್ಲ ಪತ್ರಗಳನ್ನು ಹಿಂದೆ ತಳ್ಳಿದೆ. ಎರಡು ಪುಟ ಬರೆದಿದ್ದಾರೆ. ಮುಖ್ಯ ಭಾಗ ಇಷ್ಟು:

"ನನಗೆ 42 ವರ್ಷ. ಇಡೀ ದಿನ ಕೂತು ಮಾಡುವ ಕೆಲಸ. ನಾಲ್ಕು ತಿಂಗಳ ಹಿಂದೆ 78 ಕಿಲೋ ಇದ್ದೆ. ದಿನಾ ಮುಕ್ಕಾಲು ಗಂಟೆ ನಡೆಯುತ್ತಿದ್ದೇನೆ. ಸಿಹಿ, ಕರಿದ ತಿಂಡಿ ಹೆಚ್ಚುಕಮ್ಮಿ ಬಿಟ್ಟಿದ್ದೇನೆ. ತರಕಾರಿ ಜಾಸ್ತಿ ಮಾಡಿದ್ದೇನೆ. ಇವತ್ತಿಗೆ 74. ನನ್ನ ಜೊತೆ ಕೆಲಸ ಮಾಡುವ ಗೆಳತಿ ಊಟದ ಬದಲು ಯಾವುದೋ ಪುಡಿ ಕಲಸಿ ಕುಡಿದು ಆರೇ ವಾರದಲ್ಲಿ ಒಂಬತ್ತು ಕಿಲೋ ಇಳಿಸಿದಳು. ಈಗ ಎಲ್ಲರ ಬಾಯಲ್ಲೂ ಅವಳದೇ ಮಾತು. ಇನ್ನೆರಡು ತಿಂಗಳಿಗೆ ನನ್ನ ತಂಗಿಯ ಮದುವೆ. ನೀವು ಮಾತ್ರ ವರ್ಷಕ್ಕೆರಡು ಸಲ 'ನಿಧಾನವಾಗಿ ಇಳಿಸಿ' ಎಂದು ಬರೆಯುತ್ತೀರಿ. ನಿಜ ಹೇಳಿ, ನಿಧಾನ ಅನ್ನೋದು ಕೈಲಾಗದವರು ಮಾಡಿಕೊಳ್ಳುವ ಸಮಾಧಾನ ಅಲ್ವಾ?"

ಕೊನೆಯ ಸಾಲು ಚೆನ್ನಾಗಿದೆ. ನಮ್ಮ ಲೇಖಕರಲ್ಲಿ ಕೆಲವರಿಗೆ ಇಂಥ ಒಂದು ಸಾಲು ಬರೆಯಲು ಮೂರು ಪುಟ ಬೇಕು. ಆದರೆ ಸಾಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಒಪ್ಪಿಬಿಡುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಮೈಯಲ್ಲಿರುವ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ನೀವು ಇಳಿಸಿದ ನಾಲ್ಕು ಕಿಲೋಗೆ ಮೂವತ್ತು ಸಾವಿರ ಚಿಲ್ಲರೆ. 120 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 250 ಕ್ಯಾಲೊರಿ. ನಿಮ್ಮ ತೂಕದವರು ಮುಕ್ಕಾಲು ಗಂಟೆ ನಡೆದರೆ ಖರ್ಚಾಗುವುದು ಹೆಚ್ಚೆಂದರೆ ಇನ್ನೂರು. ಮಿಕ್ಕದ್ದು ಬಿಟ್ಟ ಸಿಹಿಯಿಂದ, ಬಿಟ್ಟ ಎಣ್ಣೆಯಿಂದ. ಲೆಕ್ಕ ಕೂಡುತ್ತಾ ಇದೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು ಎನ್ನುತ್ತಾರೆ ವೈದ್ಯರು. ನಿಮ್ಮದು ಅದಕ್ಕಿಂತಲೂ ಕಮ್ಮಿ, ನಿಜ. ಆದರೆ ನಾಲ್ಕು ತಿಂಗಳಲ್ಲಿ ಒಂದು ದಿನವೂ ಹಸಿದು ಮಲಗಿದ ಮಾತು ನಿಮ್ಮ ಎರಡು ಪುಟದಲ್ಲಿ ಎಲ್ಲೂ ಇಲ್ಲ. ನಾನು ಎರಡು ಸಲ ಓದಿ ಹುಡುಕಿದೆ.

ಇನ್ನು ನಿಮ್ಮ ಗೆಳತಿಯ ಒಂಬತ್ತು ಕಿಲೋ. ನಮ್ಮ ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಗ್ಲೈಕೊಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ನಿಂತ ಮೊದಲ ವಾರ ದೇಹ ಇದನ್ನೇ ತೆಗೆದು ಖರ್ಚು ಮಾಡುತ್ತದೆ, ನೀರೂ ಜೊತೆಗೆ ಹೊರಟುಹೋಗುತ್ತದೆ. ತೂಕದ ಯಂತ್ರ ಬೀಗುತ್ತದೆ, ಆದರೆ ಕೊಬ್ಬು ಅಷ್ಟೊಂದು ಇಳಿದಿರುವುದಿಲ್ಲ. ಒಂದು ದಿನ ಹೊಟ್ಟೆ ತುಂಬ ಉಂಡರೆ ಆ ನೀರು ವಾಪಸ್ ಬಂದು ಕೂತುಕೊಳ್ಳುತ್ತದೆ. ಒಂಬತ್ತೂ ನೀರು ಎನ್ನುತ್ತಿಲ್ಲ. ಒಂದಷ್ಟು ನೀರು, ಒಂದಷ್ಟು ಸ್ನಾಯು, ಮಿಕ್ಕದ್ದು ಕೊಬ್ಬು. ಇಷ್ಟು ವೇಗವಾಗಿ ಇಳಿಸುವವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಜಾಸ್ತಿ ಎಂಬುದನ್ನೂ ಅವರ ಕಿವಿಗೆ ಹಾಕಿ. ಹೊಟ್ಟೆಕಿಚ್ಚಿನಿಂದ ಹೇಳಿದ ಹಾಗೆ ಕೇಳಿಸದಂತೆ ಹಾಕಿ.

ನಿಮ್ಮ ಪರ ಹೇಳಬೇಕಾದ ಮಾತೂ ಒಂದಿದೆ. ಮೆಲ್ಬರ್ನ್‌ನಲ್ಲಿ ಇನ್ನೂರು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹನ್ನೆರಡು ವಾರ, ಇನ್ನೊಂದಕ್ಕೆ 36 ವಾರ ಕೊಟ್ಟು ತೂಕ ಇಳಿಸಿದರು. ಫಲಿತಾಂಶ 2014ರಲ್ಲಿ ಬಂತು. ಗುರಿ ಮುಟ್ಟಿದವರು ವೇಗದ ಗುಂಪಿನಲ್ಲೇ ಹೆಚ್ಚು. ಮೂರು ವರ್ಷ ಬಿಟ್ಟು ನೋಡಿದರೆ ಎರಡೂ ಗುಂಪಿನವರು ಕಳೆದುಕೊಂಡಿದ್ದರಲ್ಲಿ ಸುಮಾರು ಶೇಕಡಾ 70ನ್ನು ಮತ್ತೆ ಗಳಿಸಿದ್ದರು. ಅಂದರೆ ವೇಗ ಒಂದೇ ಅಪರಾಧಿ ಅಲ್ಲ. ಸಕ್ಕರೆ ಕಾಯಿಲೆ ಇರುವ ಕೆಲವರಿಗೆ, ಆಪರೇಷನ್ನಿಗೆ ಮುಂಚೆ ಇಳಿಸಲೇಬೇಕಾದವರಿಗೆ, ವೈದ್ಯರ ಕಣ್ಣೆದುರಲ್ಲಿ ಮಾಡುವ ವೇಗದ ಪಥ್ಯ ಉಪಯೋಗಕ್ಕೂ ಬರುತ್ತದೆ. ಆಯಿತು, ಒಪ್ಪಿದೆ. ಮುಂದೆ ಹೋಗೋಣ.

ನನ್ನ ಜಗಳ ವೇಗದ ಜೊತೆಗಲ್ಲ, ಗಡುವಿನ ಜೊತೆಗೆ. ನೀವೇ ಬರೆದಿದ್ದೀರಿ: ಇನ್ನೆರಡು ತಿಂಗಳಿಗೆ ಮದುವೆ. ಸರಿ, ಮದುವೆಯ ಮರುದಿನ ಏನು? ಗಡುವು ಇಟ್ಟುಕೊಂಡ ಪಥ್ಯಕ್ಕೆ ಒಂದು ಕೊನೆಯ ದಿನ ಇರುತ್ತದೆ. ಕೊನೆಯ ದಿನ ಇದೆ ಎಂದು ಗೊತ್ತಿರುವವನು ಸಹಿಸಿಕೊಳ್ಳುತ್ತಾನೆ, ಕಲಿಯುವುದಿಲ್ಲ. ಪರೀಕ್ಷೆ ಮುಗಿದ ಸಂಜೆ ಪುಸ್ತಕ ಎಸೆದ ಹುಡುಗನ ಹಾಗೆ. ಮೂವತ್ತು ವರ್ಷದಿಂದ ಗಡುವಿನ ಅನ್ನ ತಿಂದವನು ನಾನು, ಈ ಪುಟವೂ ಇವತ್ತು ಸಂಜೆ ಅಚ್ಚಿಗೆ ಹೋಗಬೇಕು. ಗಡುವಿನಿಂದ ಪತ್ರಿಕೆ ಹೊರಬರುತ್ತದೆ, ನಿಜ. ಅಭ್ಯಾಸ ಹುಟ್ಟುವುದನ್ನು ನಾನಂತೂ ನೋಡಿಲ್ಲ.

ಸ್ವಂತ ಕಥೆಯನ್ನೂ ಹೇಳಿಬಿಡುತ್ತೇನೆ. ನಲವತ್ತು ತುಂಬುವ ಮೊದಲು ಸಣ್ಣಗಾಗಿಬಿಡಬೇಕು ಎಂದು ನನಗೂ ಹಟ ಬಂದಿತ್ತು. ಎರಡು ತಿಂಗಳು ಹಣ್ಣು, ಸೂಪು, ಸಿಟ್ಟು ಇಷ್ಟರಲ್ಲೇ ಬದುಕಿದೆ. ಹನ್ನೊಂದು ಕಿಲೋ ಇಳಿಯಿತು. ಪ್ಯಾಂಟುಗಳನ್ನೆಲ್ಲ ಟೈಲರ್ ಹತ್ತಿರ ಚಿಕ್ಕದು ಮಾಡಿಸಿದೆ. ಹುಟ್ಟುಹಬ್ಬಕ್ಕೆ ಫೋಟೋ ತೆಗೆಸಿಕೊಂಡೆ. ಮುಂದಿನ ವರ್ಷ ಅದೇ ಟೈಲರ್ ಅದೇ ಪ್ಯಾಂಟುಗಳ ಹೊಲಿಗೆ ಬಿಚ್ಚುತ್ತಾ, "ಸಾರ್, ಇನ್ನು ಒಳಗೆ ಬಟ್ಟೆ ಇಲ್ಲ" ಎಂದ. ಹದಿಮೂರು ಕಿಲೋ ವಾಪಸ್ ಬಂದಿತ್ತು, ಎರಡು ಬಡ್ಡಿ. ಆ ವರ್ಷ ನಾನು ಫೋಟೋ ತೆಗೆಸಿಕೊಳ್ಳಲಿಲ್ಲ.

ಎಲ್ಲ ಜಾಹೀರಾತಿನ ಗುಟ್ಟೂ ಇಲ್ಲೇ ಇರುವುದು. 'ಮೊದಲು' ಒಂದು ಫೋಟೋ, 'ನಂತರ' ಒಂದು ಫೋಟೋ. ಮೂರು ವರ್ಷದ ನಂತರದ ಮೂರನೇ ಫೋಟೋ ಯಾರಾದರೂ ಹಾಕಿದ್ದನ್ನು ನೋಡಿದ್ದೀರಾ?

ಒಮ್ಮೆ ವಿಜ್ಞಾನಿಗಳು ಆ ಫೋಟೋ ತೆಗೆದರು. ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದಿತ್ತು. ಅದರಲ್ಲಿ ಭಾಗವಹಿಸಿದ ಹದಿನಾಲ್ಕು ಜನರನ್ನು ಕೆವಿನ್ ಹಾಲ್ ಎಂಬ ಸಂಶೋಧಕ ಮತ್ತು ಜೊತೆಯವರು ಆರು ವರ್ಷದ ನಂತರ ಮತ್ತೆ ಕರೆದು ಅಳೆದರು. ವರದಿ ಬಂದದ್ದು 2016ರಲ್ಲಿ. ಮೂವತ್ತು ವಾರದಲ್ಲಿ ಒಬ್ಬೊಬ್ಬರು ಸರಾಸರಿ 58 ಕಿಲೋ ಇಳಿಸಿದ್ದರು. ಆರು ವರ್ಷದಲ್ಲಿ ಅದರಲ್ಲಿ 41 ಕಿಲೋ ವಾಪಸ್. ಅದಕ್ಕಿಂತ ಬೇಸರದ ಸಂಗತಿ ಇನ್ನೊಂದು. ಸುಮ್ನೆ ಮಲಗಿದ್ದಾಗ ಅವರ ದೇಹ ದಿನಕ್ಕೆ ಖರ್ಚು ಮಾಡುತ್ತಿದ್ದದ್ದು, ಆ ಗಾತ್ರದ ದೇಹ ಮಾಡಬೇಕಾದ್ದಕ್ಕಿಂತ ಸುಮಾರು 500 ಕ್ಯಾಲೊರಿ ಕಮ್ಮಿ. ಬರಗಾಲ ಬಂದಿದೆ ಎಂದುಕೊಂಡ ದೇಹ ಆರು ವರ್ಷವಾದರೂ ಕೈ ಬಿಗಿಹಿಡಿದೇ ಇತ್ತು. ಆದರೆ ಅದೇ ಗುಂಪಿನಲ್ಲಿ ಕೆಲವರು ತೂಕ ಉಳಿಸಿಕೊಂಡಿದ್ದರು. ಹೇಗೆ ಎಂದು ನೋಡಿದರೆ, ಅವರ ಓಡಾಟ, ವ್ಯಾಯಾಮ ಸ್ಪರ್ಧೆಗೆ ಮೊದಲಿನದ್ದಕ್ಕಿಂತ ಶೇಕಡಾ 160ರಷ್ಟು ಜಾಸ್ತಿಯಾಗಿತ್ತು. ತೂಕ ವಾಪಸ್ ಬಂದವರಲ್ಲಿ ಜಾಸ್ತಿಯಾಗಿದ್ದದ್ದು ಶೇಕಡಾ 34 ಮಾತ್ರ. ನೀವು ದಿನಾ ನಡೆಯುವ ಮುಕ್ಕಾಲು ಗಂಟೆಯನ್ನು ಪತ್ರದಲ್ಲಿ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಲ್ಲ, ಅದಕ್ಕೇ ನನಗೆ ನಿಮ್ಮ ಮೇಲೆ ಸ್ವಲ್ಪ ಕೋಪ.

ಹಸಿವಿನ ಬಗ್ಗೆ ಇನ್ನೊಂದು ಹಳೆಯ ಪ್ರಯೋಗ. 1945ರಲ್ಲಿ, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರನ್ನು ಅರೆಹೊಟ್ಟೆಯಲ್ಲಿಟ್ಟು ನೋಡಿದ. ಯುದ್ಧ ಮುಗಿದ ಮೇಲೆ ಹಸಿದ ಜನಕ್ಕೆ ಮತ್ತೆ ಊಟ ಹಾಕುವುದು ಹೇಗೆ ಎಂದು ತಿಳಿಯಬೇಕಿತ್ತು. ಆರು ತಿಂಗಳಲ್ಲಿ ಅವರ ತೂಕದ ಕಾಲು ಭಾಗ ಹೋಯಿತು. ತಲೆ ತುಂಬ ಊಟದ್ದೇ ಯೋಚನೆ. ಅಡುಗೆ ಪುಸ್ತಕಗಳನ್ನು ಕಾದಂಬರಿಯ ಹಾಗೆ ಓದಿದರು. ಮಾತು ಕಮ್ಮಿಯಾಯಿತು, ಸಿಡುಕು ಜಾಸ್ತಿಯಾಯಿತು. ಅವರಿಗೆ ದಿನಕ್ಕೆ ಸಿಗುತ್ತಿದ್ದದ್ದು ಸುಮಾರು 1,570 ಕ್ಯಾಲೊರಿ. ಆಗ ಅದಕ್ಕೆ ಹಸಿವಿನ ಪ್ರಯೋಗ ಎನ್ನುತ್ತಿದ್ದರು. ಈಗ ಪುಡಿ ಕುಡಿಸುವ ಎಷ್ಟೋ ಯೋಜನೆಗಳಲ್ಲಿ 800 ಇರುತ್ತದೆ, ಅದಕ್ಕೆ ಆರೋಗ್ಯ ಎನ್ನುತ್ತಾರೆ. ಗಂಡಸರು, ಹೆಂಗಸರು, ಎತ್ತರ, ವಯಸ್ಸು ಎಲ್ಲ ಬೇರೆ ಬೇರೆ, ನೇರವಾಗಿ ಹೋಲಿಸಬಾರದು ಎಂದು ಯಾರಾದರೂ ಪತ್ರ ಬರೆಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನಗೆ ಇಷ್ಟವಾದ ಹಳೆಯ ಮನುಷ್ಯನೊಬ್ಬನಿದ್ದಾನೆ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಶವಪೆಟ್ಟಿಗೆ ಮಾಡಿಸಿ ಅಂತ್ಯಕ್ರಿಯೆ ನಡೆಸಿಕೊಡುವ ವೃತ್ತಿಯವನು. ಅರವತ್ತು ದಾಟಿದ ಮೇಲೆ ಬಗ್ಗಿ ಶೂ ಲಾಡಿ ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ, ಮೆಟ್ಟಿಲು ಇಳಿಯುವಾಗ ಹಿಂದುಮುಂದಾಗಿ ಇಳಿಯುತ್ತಿದ್ದ. ಅದಕ್ಕೆ ಎಷ್ಟೋ ವರ್ಷ ಮೊದಲೇ ವೈದ್ಯರೊಬ್ಬರು ವ್ಯಾಯಾಮ ಮಾಡು ಎಂದಿದ್ದರು. ಪಾಪ, ದಿನಾ ಬೆಳಿಗ್ಗೆ ದೋಣಿ ಹುಟ್ಟು ಹಾಕಿದ. ಮೈಕಟ್ಟು ಗಟ್ಟಿಯಾಯಿತು, ಜೊತೆಗೆ ಭಯಂಕರ ಹಸಿವೂ ಬಂತು, ತೂಕ ಏರಿತು! ಕೊನೆಗೆ ಕಿವಿ ಸರಿಯಾಗಿ ಕೇಳುತ್ತಿಲ್ಲ ಎಂದು ಹೋದ ಡಾಕ್ಟರೇ ಊಟ ಬದಲಾಯಿಸಲು ಹೇಳಿದ್ದು. ಸಕ್ಕರೆ, ಬ್ರೆಡ್ಡು, ಬಿಯರು, ಆಲೂಗಡ್ಡೆ ಬಿಟ್ಟ. ಅವನ ಊಟದ ಪಟ್ಟಿಯನ್ನು ನಿಮಗೆ ಹೇಳಿಕೊಡಲಾರೆ, ಅದರಲ್ಲಿ ವೈನೇ ಹಲವು ಲೋಟ ಇದೆ. ಆದರೆ ವೇಗ ನೋಡಿ: ಸುಮಾರು ಒಂದು ವರ್ಷಕ್ಕೆ 46 ಪೌಂಡ್, ಅಂದರೆ 21 ಕಿಲೋ ಹತ್ತಿರ. ವಾರಕ್ಕೆ ನಾನೂರು ಗ್ರಾಂ. 1863ರಲ್ಲಿ ಇದನ್ನೆಲ್ಲ ಸಾರ್ವಜನಿಕರಿಗೆ ಒಂದು ಪತ್ರದ ಹಾಗೆ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದ. ಅವನ ಹೆಸರೇ ಇಂಗ್ಲಿಷಿನಲ್ಲಿ ಪಥ್ಯ ಮಾಡುವುದಕ್ಕೆ ಕ್ರಿಯಾಪದವಾಗಿತ್ತು. ಸ್ವೀಡಿಷ್ ಭಾಷೆಯಲ್ಲಿ ಇವತ್ತಿಗೂ ತೂಕ ಇಳಿಸುವುದಕ್ಕೆ 'ಬಾಂಟ' ಎನ್ನುತ್ತಾರೆ. ಪತ್ರ ಬರೆಯುವವರನ್ನು ನಾನು ಯಾಕೆ ಗೌರವಿಸುತ್ತೇನೆ ಎಂದು ಈಗ ಗೊತ್ತಾಯಿತಾ?

ಅವನ ದೋಣಿಯ ಕಥೆ ಮರೆಯಬೇಡಿ. ತೂಕ ಇಳಿಸುವ ದೊಡ್ಡ ಕೆಲಸ ತಟ್ಟೆಯದ್ದು. ಇಳಿದದ್ದನ್ನು ಅಲ್ಲೇ ನಿಲ್ಲಿಸುವ ದೊಡ್ಡ ಕೆಲಸ ಕಾಲಿನದ್ದು. ಜಿಮ್ಮಿಗೆ ಸೇರಿ ತಿಂಗಳಲ್ಲೇ ನಿರಾಶರಾಗಿ ಬಿಡುವವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೇಳಿದರೆ ಇಡೀ ವರ್ಷದ ಫೀಸು ಒಟ್ಟಿಗೆ ಕಟ್ಟುವವರು ಯಾರು? ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಟ್ಟಿದ್ದಾರೆ. ಹದಿಮೂರೂವರೆ ಕಿಲೋಗಿಂತ ಹೆಚ್ಚು ಇಳಿಸಿ, ಒಂದು ವರ್ಷವಾದರೂ ಉಳಿಸಿಕೊಂಡವರಿಗೆ ಮಾತ್ರ ಅದರಲ್ಲಿ ಜಾಗ. ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಅವರು ಇಳಿಸಿದ ದಾರಿಗಳು ನೂರಾರು. ಉಳಿಸಿಕೊಂಡ ದಾರಿ ಮಾತ್ರ ಬಹುಪಾಲು ಒಂದೇ ಥರ: ದಿನಕ್ಕೆ ಸುಮಾರು ಒಂದು ಗಂಟೆ ಮೈ ಆಡಿಸುತ್ತಾರೆ, ಹೆಚ್ಚಿನವರು ನಡೆಯುತ್ತಾರೆ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ.

ನಿಮ್ಮ ನಾಲ್ಕು ಕಿಲೋ ಕಮ್ಮಿ ಎಂದು ಇನ್ನೊಮ್ಮೆ ಹೇಳಬೇಡಿ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ತೂಕದಲ್ಲಿ ಶೇಕಡಾ 7 ಇಳಿಸಿ, ವಾರಕ್ಕೆ 150 ನಿಮಿಷ ಮೈ ಆಡಿಸಿ. ಸುಮಾರು ಮೂರು ವರ್ಷದ ಕೊನೆಗೆ, ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದ ಗುಂಪಿಗೆ ಹೋಲಿಸಿದರೆ ಇವರಲ್ಲಿ ಸಕ್ಕರೆ ಕಾಯಿಲೆ ಶೇಕಡಾ 58ರಷ್ಟು ಕಮ್ಮಿ ಬಂದಿತ್ತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಕಮ್ಮಿಯಾದದ್ದು ಶೇಕಡಾ 31. ನಿಮ್ಮ 78ಕ್ಕೆ ಶೇಕಡಾ 7 ಅಂದರೆ ಐದೂವರೆ ಕಿಲೋ. ನೀವು ಆಗಲೇ ನಾಲ್ಕು ಮುಗಿಸಿದ್ದೀರಿ. ಅಲ್ಲ ಕಣ್ರೀ, ಇದಕ್ಕೆ ಕೈಲಾಗದವರು ಎನ್ನುತ್ತಾರಾ?

ತಪ್ಪು ನಿಮ್ಮದಲ್ಲ ಎಂದೂ ಗೊತ್ತು. ಈಗ ಎಲ್ಲವೂ ಮೂವತ್ತು ದಿನದಲ್ಲಿ ಆಗಬೇಕು. ಭಾಷೆ ಮೂವತ್ತು ದಿನ, ಸಂಗೀತ ಮೂವತ್ತು ದಿನ, ಮನಸ್ಸಿನ ಶಾಂತಿಗೆ ಇಪ್ಪತ್ತೊಂದೇ ದಿನ. ನಮ್ಮ ಓದುಗರೊಬ್ಬರು ಹೋದ ತಿಂಗಳು ಬರೆದಿದ್ದರು: "ಕಥೆಗಳ ಜೊತೆ ಸಾರಾಂಶ ಕೊಡಿ, ಓದುವ ಸಮಯ ಉಳಿಯುತ್ತದೆ." ಉಳಿದ ಸಮಯದಲ್ಲಿ ಏನು ಮಾಡುತ್ತೀರಿ ಎಂದು ಕೇಳಿ ಬರೆದೆ. ಉತ್ತರ ಬರಲಿಲ್ಲ, ಬಹುಶಃ ಸಮಯ ಸಿಕ್ಕಿಲ್ಲ. ತೂಕದ ಮಾತುಗಳನ್ನೇ ನೋಡಿ. ಮೊದಲು ತೂಕ ಇಳಿಯುತ್ತಿತ್ತು. ಈಗ ಕೊಬ್ಬನ್ನು ಕರಗಿಸುತ್ತಾರೆ, ಸುಡುತ್ತಾರೆ, ಬಡಿದೋಡಿಸುತ್ತಾರೆ. ನಮ್ಮದೇ ಮೈ ಅದು, ಶತ್ರು ಸೈನ್ಯ ಅಲ್ಲ. ಇನ್ನು ಎದುರಿಗೆ ಸಿಕ್ಕಿದ ಕೂಡಲೇ "ಸಣ್ಣ ಆಗಿದ್ದೀರಲ್ಲ!" ಎಂದು ಹೊಗಳುವವರು. ಜ್ವರದಿಂದ ಸಣ್ಣಗಾದವರಿಗೂ ಹಾಗೇ ಹೇಳುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿಲ್ಲ ಅಲ್ವಾ ಎಂದು ನಿಮ್ಮನ್ನು ಒಬ್ಬರಾದರೂ ಕೇಳಿದ್ದಾರಾ?

ಕೆಲಸಕ್ಕೆ ಬರುವ ಎರಡು ಮಾತು ಹೇಳದಿದ್ದರೆ ಭಾಷಣ ಬಿಗಿದ ಹಾಗಾಗುತ್ತದೆ. ನಡಿಗೆ ಬಿಡಬೇಡಿ. ಜೊತೆಗೆ ವಾರಕ್ಕೆರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಭಾರ ಎತ್ತುವುದು. ಹೀಗೆ ಮಾಡಿದರೆ ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲು ಕಮ್ಮಿಯಾಗುತ್ತದೆ. ಕಾಳು, ಬೇಳೆ, ಮೊಟ್ಟೆ, ನಿಮಗೆ ಒಗ್ಗುವುದು ಯಾವುದಾದರೂ ಸರಿ, ಪ್ರೋಟೀನ್ ಪ್ರತಿ ಊಟದಲ್ಲೂ ಇರಲಿ. ತೂಕ ನೋಡುವುದು ವಾರಕ್ಕೊಮ್ಮೆ, ಬೆಳಿಗ್ಗೆ ಏನೂ ತಿನ್ನುವ ಮೊದಲು. ಒಂದೇ ದಿನದಲ್ಲಿ ಒಂದು ಕಿಲೋ ಮೇಲೆ ಕೆಳಗೆ ಆಗುವುದು ಮಾಮೂಲು. ಔಷಧಿ ತೆಗೆದುಕೊಳ್ಳುವವರಾದರೆ ನಿಮ್ಮ ವೈದ್ಯರನ್ನು ಕೇಳಿ, ಸಂಪಾದಕರನ್ನಲ್ಲ.

ಮದುವೆಯಲ್ಲಿ ಧಾರಾಳವಾಗಿ ಫೋಟೋ ತೆಗೆಸಿಕೊಳ್ಳಿ, ಊಟವನ್ನೂ ಮಾಡಿ. ಮರುದಿನ ಬೆಳಿಗ್ಗೆ ನಡೆಯಲು ಹೊರಡಿ, ಅಷ್ಟೇ. ಗೆಳತಿಯನ್ನೂ ಕರೆದುಕೊಂಡು ಹೋಗಿ. ಆರು ವಾರ ಹಸಿವು ತಡೆದವರಿಗೆ ಮುಕ್ಕಾಲು ಗಂಟೆ ದೊಡ್ಡದಲ್ಲ, ಪುಡಿ ನಿಲ್ಲಿಸಿದ ಮೇಲೆ ಅವರಿಗೇ ಅದರ ಅಗತ್ಯ ಜಾಸ್ತಿ. ಈ ಸಂಚಿಕೆಯನ್ನೂ ಅವರಿಗೆ ಓದಲು ಕೊಡಿ. ಕೊಡುವ ಮೊದಲು ಹಿಂಬದಿಯ ಹೊದಿಕೆ ಪುಟ ಹರಿದುಬಿಡಿ. ಅಲ್ಲಿ ಎರಡು ಫೋಟೋ ಇರುವ ಜಾಹೀರಾತೊಂದಿದೆ. ನಮ್ಮ ಜಾಹೀರಾತು ವಿಭಾಗದ ಜೊತೆ ಈ ತಿಂಗಳೂ ವಾದದಲ್ಲಿ ಸೋತಿದ್ದೇನೆ.

— ಸಂ.